ಅರ್ಧ ಇಂಚು ಬಿಟ್ಟು ಕತ್ತರಿಸು

ಉದ್ದ ವೈಶಾಖದ ಅರವತ್ತೊಂದನೇ ದಿನ, ೨೨೧೯

ಅರಸೀಕೆರೆಯ ಕಮಲಾಕ್ಷಮ್ಮನವರಿಗೆ, ನಿಮ್ಮ ಮರಿಮಗಳ ಮರಿಮಗಳ ಮಗಳು ಹಿಮಜಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಮುಗಿಯುವುದೇ ಇಲ್ಲವೆಂದು ನಮ್ಮವರು ವೈಶಾಖವನ್ನೇ ಎಳೆದೂ ಎಳೆದೂ ಉದ್ದ ಮಾಡಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಒಂದು ಮಾತು ತಿಳಿಯದೆ ನಾನು ಪಟ್ಟ ಪಾಡನ್ನೂ ಹೇಳುತ್ತೇನೆ. ಆದರೆ ಇದು ಭಕ್ತಿಯಿಂದ ಬರೆದ ಕಾಗದ ಅಂದುಕೊಳ್ಳಬೇಡಿ. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು.

ನಮ್ಮ ಮಕ್ಕಳು ತೊಡುವುದು ಬೆಳೆಯಂಗಿ. ಹುಟ್ಟಿದ ದಿನ ಹಾಕಿದರೆ ಮಗುವಿನ ಜೊತೆಗೇ ಅದೂ ಬೆಳೆಯುತ್ತದೆ, ಹರಿಯುವುದಿಲ್ಲ, ಎಂದೂ ಬಿಗಿಯಾಗುವುದಿಲ್ಲ. ಅನುಕೂಲವೇನೋ ಹೌದು. ಆದರೆ 'ಅಯ್ಯೋ, ಹೋದ ವರ್ಷದ್ದು ಆಗ್ಲೇ ಗಿಡ್ಡ ಆಯ್ತಲ್ಲೇ!' ಎಂದು ಮಗಳ ಬೆನ್ನು ತಟ್ಟುವ ಭಾಗ್ಯ ನಮಗಿಲ್ಲ. ನನ್ನ ಮಗಳು ಸುರಗಿ ಯಾವಾಗ ನನ್ನ ಸೊಂಟ ದಾಟಿದಳೋ ನನಗೇ ಗೊತ್ತಾಗಲಿಲ್ಲ. ಇನ್ನು ಏಳು ತುಂಬಿದ ಮಕ್ಕಳನ್ನು ತಂಪುಶಾಲೆಗೆ, ಅಂದರೆ ಬಿಸಿಲು ತಲುಪದ ಬೆಟ್ಟದ ಶಾಲೆಗೆ, ಕಳಿಸಲೇಬೇಕು. ಹನ್ನೆರಡಕ್ಕೆ ವಾಪಸು. ದಾರಿಯ ಬಿಸಿ ಮಕ್ಕಳಿಗೆ ತಡೆಯದು, ಹಾಗಾಗಿ ನಡುವೆ ಬರುವಂತಿಲ್ಲ. ವಾರಕ್ಕೊಮ್ಮೆ ದನಿ ಕೇಳಿಸುತ್ತಾರೆ, ಅಷ್ಟೇ. ಸುರಗಿಗೆ ಈ ತಿಂಗಳು ಏಳು ತುಂಬಿತು.

ಹೋಗುವ ಮೊದಲು ನನ್ನ ಕೈಯಾರೆ ಅವಳಿಗೊಂದು ಬಟ್ಟೆ ಹೊಲಿಯಬೇಕೆಂದು ಹಟ ಹಿಡಿದೆ. ಅಮ್ಮನ ತಗಡಿನ ಪೆಟ್ಟಿಗೆಯಲ್ಲಿ ನಿಮ್ಮ ಪೇಪರ್ ಕಟಿಂಗಿನ, ಅಂದರೆ ಬಟ್ಟೆ ಕತ್ತರಿಸುವ ಅಳತೆ ಕಾಗದದ, ಸುರುಳಿ ಇತ್ತು. ಖಾಕಿ ಕಾಗದದಲ್ಲಿ ಕತ್ತರಿಸಿದ ಒಂದೇ ಫ್ರಾಕು, ಅದರ ಮೇಲೆ ಒಂದರೊಳಗೊಂದು ಹತ್ತು ಗೆರೆ. ಮೂರು ವರ್ಷದಿಂದ ಹನ್ನೆರಡರವರೆಗೆ, ಪ್ರತಿ ಗೆರೆಯ ಪಕ್ಕದಲ್ಲಿ ನಿಮ್ಮ ಕೈಬರಹ: 'ಇಂದುಗೆ ನಾಲ್ಕು', 'ಇಂದುಗೆ ಐದು, ತೋಳು ಸಣ್ಣ.' ಆ ಒಂದು ಕಾಗದ ಇಟ್ಟುಕೊಂಡು ಮಗಳು ಇಂದುಮತಿಗಷ್ಟೇ ಅಲ್ಲ, ರೈಲ್ವೆ ಕ್ವಾರ್ಟರ್ಸಿನ ಅರ್ಧ ಮಕ್ಕಳಿಗೆ ಹೊಲಿದಿದ್ದೀರಿ. ಸುರಗಿ ಆ ಕಾಗದಕ್ಕೆ ಮನಸೋತು ನಿಮಗೆ ಪೇಪರಜ್ಜಿ ಎಂದು ಹೆಸರಿಟ್ಟುಬಿಟ್ಟಳು. ಊಟಕ್ಕೆ ಕೂತರೂ ಪೇಪರಜ್ಜಿ, ಎದ್ದರೂ ಪೇಪರಜ್ಜಿ. ಹೊತ್ತು ಹೆತ್ತವಳು ನಾನು, ಹೊಗಳಿಕೆ ನಿಮಗೆ!

ಹತ್ತಿ ಬಟ್ಟೆ ನಮಗೆ ವರ್ಷಕ್ಕೆ ಮನೆಗೊಂದೇ ತುಂಡು. ನಿಮ್ಮ ಕಾಗದವನ್ನು ಅದರ ಮೇಲೆ ಹಾಸಿ, ಏಳರ ಗೆರೆ ಹುಡುಕಿ ಬಟ್ಟೆಗೆ ಇಳಿಸಿಕೊಂಡೆ. ಅಂಚಿನಲ್ಲಿ ನೀವು 'ಅರ್ಧ ಇಂಚು ಬಿಟ್ಟು ಕತ್ತರಿಸು' ಎಂದು ಬರೆದಿದ್ದಿರಿ. ಬಿಟ್ಟು ಎಂದರೆ ಬೇಡವೆಂದು ತಾನೇ? ವಿಧೇಯಳಾಗಿ ಗೆರೆಯಿಂದ ಅರ್ಧ ಇಂಚು ಒಳಗೇ ಕತ್ತರಿಸಿದೆ. ಹೊಲಿದೆ. ಫ್ರಾಕು ಮಗುವಿನ ಹೆಗಲನ್ನೂ ಇಳಿಯಲಿಲ್ಲ. ಕೈ ಮೇಲೆತ್ತಿಕೊಂಡು ಅದರೊಳಗೆ ಸಿಕ್ಕಿಬಿದ್ದಿದ್ದ ಸುರಗಿ, ಒಳಗಿನಿಂದಲೇ, 'ಪೇಪರಜ್ಜಿ ಆಗಿದ್ರೆ ಸರಿಯಾಗಿ ಹೊಲೀತಿದ್ರು ಅಮ್ಮ' ಅಂದಳು. ಮೈಯೆಲ್ಲ ಉರಿದುಹೋಯಿತು. ನಿಮ್ಮ ಕಾಗದವನ್ನು ಹರಿದು ಹಾಕಲು ಕೈ ಎತ್ತಿದ್ದೆ, ನಿಜ ಹೇಳುತ್ತೇನೆ.

ನಮ್ಮ ಓಣಿಗೆ ನೆರಳುಪರದೆ ಹೊಲಿಯುವ ಮುದುಕ ಚೆನ್ನಬಸಯ್ಯನಿಗೆ ತೋರಿಸಿದೆ. ಓದಿ ನಕ್ಕೇ ನಕ್ಕ. 'ಏನ್ ತಾಯಿ ನೀನು! ಬಿಟ್ಟು ಅಂದ್ರೆ ಬಿಟ್ಬಿಡೋದಲ್ಲ, ಇಟ್ಕೊಳ್ಳೋದು. ಹೊಲಿಗೆಗೆ ಅಂತ ಗೆರೆಯಿಂದ ಆಚೆಗೆ ಅರ್ಧ ಇಂಚು ಬಟ್ಟೆ ಉಳಿಸ್ಕೋಬೇಕು' ಅಂದ. ತಲೆ ಚಚ್ಚಿಕೊಂಡೆ. ಅದನ್ನು ಇನ್ನೊಂದು ಸಾಲಿನಲ್ಲಿ ಬಿಡಿಸಿ ಬರೆದಿದ್ದರೆ ನಿಮ್ಮ ಪೆನ್ಸಿಲ್ ಸವೆದುಹೋಗುತ್ತಿತ್ತೇ? ಹೊಲಿಗೆ ಬಿಚ್ಚಿದೆ. ಉಳಿದ ಚೂರುಗಳನ್ನೇ ಪಟ್ಟಿ ಮಾಡಿ ಎರಡು ಪಕ್ಕೆಗೂ ಹೆಗಲಿಗೂ ಸೇರಿಸಿದೆ. ಮೂರು ದಿನ ಹಿಡಿಯಿತು, ಬೆರಳೆಲ್ಲ ಸೂಜಿಗಾಯ. ಈ ಸಲ ಫ್ರಾಕು ಮೈಗೆ ಸರಿಯಾಗಿ ಕೂತಿತು. ಸುರಗಿ ಗಿರಗಿರನೆ ತಿರುಗಿ, ಕನ್ನಡಿ ನೋಡಿ, 'ಥೇಟ್ ಪೇಪರಜ್ಜಿ ಹೊಲಿದಂಗೇ ಇದೆ!' ಅಂದಳು. ಮಗು ಹೊಗಳಿದ್ದು ನನ್ನನ್ನೇ. ಆದರೂ ನನಗೆ ಸಂಕಟವಾಯಿತು.

ಇಂದು ಬೆಳಿಗ್ಗೆ ಅದನ್ನೇ ತೊಟ್ಟು ಹೊರಟುಹೋದಳು. ಬೆಟ್ಟದ ಬಂಡಿಯ ಕಿಟಕಿಯಲ್ಲಿ ಹೆಗಲಿನ ಪಟ್ಟಿ ಒಂದು ಕ್ಷಣ ಕಂಡಿತು. ಅಲ್ಲಿ ಬೆಳೆಯಂಗಿ ಕೊಡುತ್ತಾರೆ. ಅವಳು ಎಷ್ಟು ಬೆಳೆದಳೆಂದು ಅದಕ್ಕೆ ಗೊತ್ತಾಗುತ್ತದೆ, ನನಗಿಲ್ಲ.

ಕಮಲಾಕ್ಷಮ್ಮನವರೇ, ನೀವು ಒಂದೊಂದು ಗೆರೆ ಎಳೆದಾಗಲೂ ಇಂದುಮತಿ ನಿಮ್ಮೆದುರು ನಿಂತಿದ್ದಳು. ನೆಟ್ಟಗೆ ನಿಲ್ಲೇ ಎಂದು ಗದರಿರುತ್ತೀರಿ. ಟೇಪು ಕುತ್ತಿಗೆಗೆ ತಾಗಿ ಅವಳು ನಕ್ಕಿರುತ್ತಾಳೆ. ಆ ಕೆಲಸ ಬೇಸರವೆಂದು ನಿಮಗೆ ಒಂದು ದಿನವಾದರೂ ಅನ್ನಿಸಿದ್ದರೆ ನಾನು ನಿಮ್ಮನ್ನು ಕ್ಷಮಿಸಲಾರೆ. ಬರುವ ವರ್ಷದ ತುಂಡಿನಲ್ಲಿ ಎಂಟರ ಗೆರೆ ಕತ್ತರಿಸುತ್ತೇನೆ, ಆಮೇಲೆ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ನನ್ನ ಮಗಳು ಈಗ ಇಷ್ಟಾಗಿರಬೇಕು ಎಂದು ತಿಳಿಯಲು ನನಗಿರುವುದು ನಿಮ್ಮ ಮಗಳ ಅಳತೆ ಮಾತ್ರ. ಇಂದುಮತಿ ವಯಸ್ಸಿಗೆ ತಕ್ಕಷ್ಟು ಎತ್ತರವಿದ್ದಳೇ, ಗಿಡ್ಡವೇ? ಅದನ್ನಾದರೂ ಎಲ್ಲಾದರೂ ಒಂದು ಕಡೆ ಬರೆದಿಡಿ.