ಅಣ್ಣ ಬರೆಯದ ಲೇಖನ

ಮಾರ್ಚ್ ೧೨, ಗುರುವಾರ

ಆ ಹುಡುಗಿಯ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ.

ಮೂಲ ನೋಡದೆ ಏನನ್ನೂ ನಂಬಬೇಡಿ ಎಂದು ಕಾಲೇಜಿನ ಲೈಬ್ರರಿಯಲ್ಲಿ ಪಾಠ ಮಾಡುವವಳು ನಾನು. ಅಭ್ಯಾಸಕ್ಕೆಂದು ಪ್ರತಿವರ್ಷ ಹತ್ತು ಲೇಖನಗಳ ಪಟ್ಟಿ ಕೊಡುತ್ತೇನೆ. ಅದರಲ್ಲೊಂದು ಹುಸಿ, ನಾನೇ ಕಟ್ಟಿದ್ದು. ಲೇಖಕನ ಜಾಗದಲ್ಲಿ ಅಣ್ಣನ ಹೆಸರು. ಓದು ಮುಗಿಸುವ ಮೊದಲೇ ತೀರಿಕೊಂಡವನು. ಎಲ್ಲಾದರೂ ಒಂದು ಕಡೆ ಅಚ್ಚಾಗಿರಲಿ ಎಂಬ ಹುಚ್ಚು. "ಇಂಥವರು ಇಲ್ಲವೇ ಇಲ್ಲ ಮೇಡಂ" ಎಂದು ಪ್ರತಿ ಸಲ ಯಾರಾದರೂ ಹಿಡಿಯುತ್ತಿದ್ದರು. ನಾನು ಭೇಷ್ ಎನ್ನುತ್ತಿದ್ದೆ.

ಇಂದು ಆ ಹುಡುಗಿ ಥೀಸಿಸ್ಸಿನ ಕರಡು ತಂದಳು. ಆಕರಪಟ್ಟಿಯಲ್ಲಿ ಅಣ್ಣ ಕೂತಿದ್ದ. ಈ ಲೇಖನ ಹುಡುಕಿ ನೋಡಿದೆಯಾ ಎಂದು ಕೇಳಿದೆ.

"ಪಟ್ಟಿ ಕೊಟ್ಟ ದಿನ ಕ್ಲಾಸಿಂದ ಅರ್ಧಕ್ಕೇ ಎದ್ದು ಹೋಗಿದ್ದೆ ಮೇಡಂ. ನೀವು ಕೊಟ್ಟ ಪಟ್ಟಿ ಅಲ್ವಾ, ಹುಡುಕಿ ನೋಡ್ಲಿಲ್ಲ. ಇವರು ಈಗ ಎಲ್ಲಿದ್ದಾರೆ? ಮಾತಾಡ್ಬೇಕಿತ್ತು."

"ವಿಚಾರಿಸಿ ಹೇಳ್ತೀನಮ್ಮ" ಅಂದುಬಿಟ್ಟೆ. ಓದುವುದು ಶಾಸ್ತ್ರ, ಇಕ್ಕುವುದು ಗಾಳ!

ನಾಳೆ ನಿಜ ಹೇಳಿ ಆ ಸಾಲು ಹೊಡೆಸಿಹಾಕಬೇಕು. ಕೆಲಸಕ್ಕೆ ಸೇರಿದ ವರ್ಷ, ಇದೇ ಲೈಬ್ರರಿಯ ಸದಸ್ಯರ ಪಟ್ಟಿಯಿಂದ ಅವನ ಹೆಸರು ಹೊಡೆದದ್ದೂ ಇದೇ ಕೈ.

ಈಗ ಎಲ್ಲಿದ್ದಾರೆ ಅಂದಳಲ್ಲ. ಅವನನ್ನು ಯಾರಾದರೂ ಹಾಗೆ ಕೇಳಿ ಎಷ್ಟು ವರ್ಷವಾಯಿತು. ಒಂದು ದಿನ, ಇನ್ನೊಂದೇ ದಿನ ಅವನು ಆ ಆಕರಪಟ್ಟಿಯಲ್ಲೇ ಇದ್ದರೆ…