ಕೊನೆಯ ಎರಡು ಗಜ

ಅಪ್ಪಾ,

ನೀವು ತೀರಿಕೊಂಡ ಮೇಲೆ ನೀವು ಕೋಚ್ ಆಗಿದ್ದ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಈ ವರ್ಷವೇ ಚೆನ್ನಾಗಿ ಆಡಿದ್ದು. ನಿನ್ನೆ ಗೆದ್ದಿದ್ದರೆ ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಆರು ಅಂಕ ಗಳಿಸಿಯೂ ಒಂದು ಅಂಕ ಹಿಂದಿದ್ದರು; ಉಳಿದದ್ದು ಅದರ ಜೊತೆ ಸಿಗುವ ಒಂದೇ ಹೆಚ್ಚುವರಿ ಅವಕಾಶ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಆಟ ಸಮ; ಹಿಡಿದುಕೊಂಡು ಎರಡು ಗಜ ನುಗ್ಗಿ ಗೆರೆ ದಾಟಿದರೆ ಎರಡು ಅಂಕ, ಗೆಲುವು. ನೀವಾಗಿದ್ದರೆ ಒದೆಸುತ್ತಿದ್ದಿರಿ. ಈಗಿನ ಕೋಚ್ ಲಿಂಡ್‌ಕ್ವಿಸ್ಟ್ ಹುಡುಗರನ್ನು ಸುತ್ತ ಕರೆದು, "ಏನ್ರಪ್ಪಾ, ಏನ್ಮಾಡೋಣ?" ಎಂದು ಕೇಳಿದರು.

"ಎರಡೇ ಗಜ ಅಲ್ವಾ ಕೋಚ್? ಈ ಮಾರ್ಲನ್ ಉದ್ದಕ್ಕೆ ಬಿದ್ರೂ ಸಾಕು!" ಅಂದ ಒಬ್ಬ. ಎಲ್ಲರೂ ನಕ್ಕರು.

ಮಾರ್ಲನ್ ಚೆಂಡು ಅವುಚಿಕೊಂಡು ನುಗ್ಗಿದ. ಗೆರೆಗೆ ಒಂದು ಗೇಣು ಇರುವಾಗಲೇ ಎದುರಾಳಿಗಳು ಅವನನ್ನು ಕೆಡವಿದರು. ಎದ್ದು ಬಂದವನು ಕೋಚ್ ಹೆಗಲ ಮೇಲೆ ಕೈಯಿಟ್ಟು, "ನೀವ್ಯಾಕೆ ಅಳ್ತೀರಿ? ನುಗ್ಗೋಣ ಅಂದಿದ್ದು ನಾವೇ ಅಲ್ವಾ?" ಅಂದ.

ಕೋಚ್ ಒಬ್ಬರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ಅಪ್ಪಾ.

ನಿಮ್ಮ
ಇಂಗ್ರಿಡ್