ಚಿಲಕ ತೆಗೆದ ಮೇಲೆ

ಭಾನುವಾರ, ಮಧ್ಯಾಹ್ನ

ದೊಡ್ಡವಳೇ,

ನಿನ್ನ ಪತ್ರ ಬಂದು ವಾರವಾಯಿತು. ಎರಡೇ ಪ್ರಶ್ನೆ ಕೇಳಿದ್ದೀಯ. ನಿನ್ನ ಗಂಡ ಚುನಾವಣೆಗೆ ನಿಂತಿರುವುದು ನಿಜವೇ, ನಮ್ಮ ಗುಂಪು ಅವನನ್ನು ಬೆಂಬಲಿಸುತ್ತದೆಯೇ ಎಂದು. ವಕೀಲರು ಕಳಿಸಿದ ವಿಚ್ಛೇದನದ ಕಾಗದ ಮೇಜಿನ ಮೇಲಿದೆ, ಇನ್ನೂ ಸಹಿ ಹಾಕಿಲ್ಲ ಎಂದು ಕೊನೆಯಲ್ಲಿ ಬರೆದು ನಿಲ್ಲಿಸಿದ್ದೀಯ. ಅದೂ ಪ್ರಶ್ನೆಯೇ ಎಂದು ನನಗೆ ಗೊತ್ತಾಗುತ್ತದೆ. ಹೆತ್ತವಳಿಗೆ ಅಷ್ಟಾದರೂ ಗೊತ್ತಾಗಬೇಕು.

ನಿಂತಿರುವುದು ನಿಜ. ಬೆಂಬಲದ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಬರೆದೂ ಇದ್ದೆ, ಆಮೇಲೆ ಹರಿದು ಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುವೆ ಎಲ್ಲಾದರೂ ನಾನು ನನ್ನ ಪರವಾಗಿಯೇ ಮಾತಾಡುತ್ತಿದ್ದೇನೆ ಅನ್ನಿಸಿದರೆ ಅಷ್ಟನ್ನು ಬಿಟ್ಟು ಓದು.

ಈ ಗುಂಪು ಕಟ್ಟಿಕೊಂಡದ್ದು ನೀನು ಊರು ಬಿಟ್ಟ ಮೇಲೆ. ಹಾಸಿಗೆ ಕಾರ್ಖಾನೆಯ ಬೆಂಕಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಮಾತ್ರ ಇದರಲ್ಲಿ ಇದ್ದೇವೆ. ಪೋಸ್ಟ್‌ಮಾಸ್ತರರಿಗೆ ಸೊಸೆ, ಟೈಲರಕ್ಕನಿಗೆ ಗಂಡ, ಗಡಿಯಾರ ರಿಪೇರಿಯವನಿಗೆ ಅಣ್ಣ, ನನಗೆ ನಿನ್ನ ತಮ್ಮ. ಮೊದಮೊದಲು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದೆವು. ಆಮೇಲೆ ಅಳುವುದು ಬಿಟ್ಟು ಬೇರೆ ಏನಾದರೂ ಮಾಡೋಣ ಎಂದು ಪೋಸ್ಟ್‌ಮಾಸ್ತರರು ಹೇಳಿದರು. ಕಾರ್ಖಾನೆಯ ಬಾಗಿಲುಗಳಿಗೆ ಕೆಲಸದ ಹೊತ್ತಿನಲ್ಲಿ ಬೀಗ ಹಾಕಬಾರದು, ಇಷ್ಟೇ ನಮ್ಮ ಬೇಡಿಕೆ. ಕಳೆದ ಚುನಾವಣೆಯಲ್ಲಿ ಒಬ್ಬ ನಮ್ಮ ಮುಂದೆ ಕೂತು ಕಣ್ಣೀರು ಹಾಕಿದ. ಮನೆಮನೆಗೆ ಹೋಗಿ ಅವನಿಗೆ ಓಟು ಕೇಳಿದೆವು, ಗೆದ್ದ. ಗೆದ್ದ ಮೇಲೆ ಅವನ ಮುಖ ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಅದಕ್ಕೇ ಈ ಸಲ ಪೋಸ್ಟ್‌ಮಾಸ್ತರರು ಹೊಸ ಪದ್ಧತಿ ಮಾಡಿದರು. ಭಾಷಣ ಕೇಳುವುದು ಬೇಡ. ಟೈಲರಕ್ಕನ ಅಂಗಡಿಯ ಹಿಂದೆ ಬಟ್ಟೆಯ ಥಾನುಗಳನ್ನು ಇಡುವ ಕೋಣೆ ಇದೆಯಲ್ಲ, ಕಿಟಕಿಯಿಲ್ಲದ್ದು, ಬೆಂಬಲ ಕೇಳಿ ಬಂದವರು ಅದರಲ್ಲಿ ಕೂರಬೇಕು. ಜೊತೆಗೆ ನಮ್ಮಲ್ಲಿ ಇಬ್ಬರು. ಹೊರಗಿನಿಂದ ಚಿಲಕ ಹಾಕುತ್ತಾರೆ. ಎಷ್ಟು ಹೊತ್ತು ಎಂದು ಹೇಳುವುದಿಲ್ಲ. "ನಮ್ಮ ಮಕ್ಕಳು ಕೂತಿದ್ದ ಹಾಗೆ ಒಂದ್ಗಳಿಗೆ ಕೂತು ನೋಡ್ಲಿ. ಮನುಷ್ಯ ಏನು ಅಂತ ಆಗ ಗೊತ್ತಾಗುತ್ತೆ" ಎಂದರು. ನಮಗೆಲ್ಲ ಸರಿ ಎನ್ನಿಸಿತು. ಈಗ ಬರೆಯುವಾಗ ವಿಚಿತ್ರವಾಗಿ ಕಾಣುತ್ತದೆ, ಆಗ ಹಾಗೆ ಕಾಣಲಿಲ್ಲ. ದುಃಖದವರು ಒಟ್ಟಿಗೆ ಬಹಳ ಕಾಲ ಕೂತರೆ ಏನು ಬೇಕಾದರೂ ಸರಿ ಅನ್ನಿಸುತ್ತದೆಯೋ ಏನೋ. ಚಿಲಕದ ಕೆಲಸ ಗಡಿಯಾರದವನಿಗೆ. ಟೈಲರಕ್ಕ ಮತ್ತು ನಾನು ಒಳಗೆ. ಇನ್ನೊಂದು ನಿಯಮವೂ ಇತ್ತು. ಎಲ್ಲರ ಕೈ ಮೇಲೆ ಹೋದರೆ ಮಾತ್ರ ಬೆಂಬಲ. ಒಬ್ಬರು ಕೈ ಎತ್ತದಿದ್ದರೂ ಇಲ್ಲ.

ಮೊದಲು ಬಂದವರು ಬಸ್ಸಿನ ಮಾಲೀಕರು. ಫೋನು ಹೊರಗಿಟ್ಟು ಬರಬೇಕಿತ್ತು, ಅವರು ಅಂಗಿಯ ಒಳಗೆ ಇನ್ನೊಂದನ್ನು ಇಟ್ಟುಕೊಂಡಿದ್ದರು. ಚಿಲಕ ಬಿದ್ದದ್ದೇ ತಡ, ಅವರ ಹುಡುಗರು ಅಂಗಡಿಯ ಮುಂದೆ ಜಮಾಯಿಸಿ ಗಲಾಟೆ ಎಬ್ಬಿಸಿದರು. ಅಲ್ಲಿಗೆ ಅವರದು ಮುಗಿಯಿತು. ಆಮೇಲೆ ಡಾಕ್ಟರು. ಥಾನಿನ ಮೇಲೆ ಕಾಲು ಮಡಿಸಿ ಕೂತು, ಟೈಲರಕ್ಕನ ನಾಡಿ ನೋಡಿ, ಉಪ್ಪು ಕಡಿಮೆ ಮಾಡಿ ಎಂದರು. "ಇಲ್ಲಿರೋ ಸೊಳ್ಳೆಗಳಿಗೂ ಓಟಿದ್ದಿದ್ರೆ ನಾನು ಗೆದ್ದ ಹಾಗೇ, ಆಗ್ಲೇ ಎಲ್ಲಕ್ಕೂ ರಕ್ತ ಕೊಟ್ಟಾಯ್ತು" ಎಂದು ನಗಿಸಿದರು. ಆಮೇಲೆ ಗೋಡೆಗೆ ಒರಗಿ ನಿದ್ದೆಯನ್ನೂ ಮಾಡಿದರು. ಎಷ್ಟು ಸಮಾಧಾನದ ಮನುಷ್ಯ ಎಂದು ಎಲ್ಲರಿಗೂ ಹಿಡಿಸಿತು.

ಮೂರನೆಯವನು ನಿನ್ನ ಗಂಡ.

ಅವನು ಬರಬಾರದಿತ್ತು ಎಂದು ಕೆಲವರು, ಬಂದರೆ ಬರಲಿ, ಅನುಭವಿಸಲಿ ಎಂದು ಕೆಲವರು. ಕಾರ್ಖಾನೆಯ ಬೀಗದ ಕೈ ಅವನ ಹತ್ತಿರ ಇದ್ದದ್ದಕ್ಕೆ ಬೀದಿಯಲ್ಲಿ ಅವನನ್ನು ಈಗ 'ಕೀಲಿ' ಎಂದೇ ಕರೆಯುವುದು. ಅವನು ಹಂಚಿದ ಕರಪತ್ರದಲ್ಲಿ ಒಂದೇ ಮಾತು: ಪ್ರತಿ ಕಾರ್ಖಾನೆಯ ಬಾಗಿಲೂ ಹೊರಕ್ಕೆ ತೆರೆಯಬೇಕು. ಅದನ್ನು ಪೋಸ್ಟ್‌ಮಾಸ್ತರರು ಜೋರಾಗಿ ಓದಿ, "ಬೀಗ ಜಡಿದೋನು ಬಾಗಿಲಿನ ದಿಕ್ಕು ಹೇಳಿಕೊಡೋಕೆ ಬಂದಿದ್ದಾನೆ" ಎಂದಾಗ ನಾನೂ ನಕ್ಕೆ.

ನಿನಗೆ ನೆನಪಿದೆ, ಅವನು ಮೊದಲಿನಿಂದಲೂ ಎರಡು ಮಾತು ಹೇಳುತ್ತಿದ್ದ. ಬೀಗ ಹಾಕಿದ್ದು ನಾನೇ, ಪಾಳಿ ಮುಗಿಯುವವರೆಗೆ ಹಾಕು ಎಂದು ಮಾಲೀಕರು ಹೇಳಿದ್ದರು, ಹಾಕಿದೆ. ಇದು ಒಂದು. ಹೊಗೆ ಕಂಡ ಕೂಡಲೇ ಓಡಿ ಬಂದು ಬೀಗ ತೆಗೆದೆ, ಹೊರಗಿನಿಂದ ತಳ್ಳಿದೆ, ಬಾಗಿಲು ಜಗ್ಗಲಿಲ್ಲ. ಇದು ಎರಡು. ಮೊದಲನೆಯದನ್ನು ನಂಬಿದೆವು. ಎರಡನೆಯದನ್ನು ಯಾರೂ ನಂಬಲಿಲ್ಲ. ಬೀಗ ತೆಗೆದ ಮೇಲೆ ಬಾಗಿಲು ಯಾಕೆ ತೆರೆಯುವುದಿಲ್ಲ? ಎಲ್ಲ ಮುಗಿದ ಮೇಲೆ ಬಂದು ತೆಗೆದಿದ್ದಾನೆ ಎಂದೇ ಎಲ್ಲರೂ ಅಂದರು. ಆಗ ನಾನು ನಿನಗೆ ಏನೂ ಹೇಳಲಿಲ್ಲ. ಅವನನ್ನು ಬಿಡು ಎನ್ನಲಿಲ್ಲ, ಇರು ಎನ್ನಲಿಲ್ಲ. ನಿನ್ನ ಪೆಟ್ಟಿಗೆ ಮಾತ್ರ ತುಂಬಿಕೊಟ್ಟೆ.

ನಾನು ಒಳಗೆ ಕೂರುವುದಿಲ್ಲ, ಸಂಬಂಧ ಅಡ್ಡ ಬರುತ್ತದೆ ಎಂದು ಪೋಸ್ಟ್‌ಮಾಸ್ತರರಿಗೆ ಹೇಳಿ ನೋಡಿದೆ. "ಯಾವ ಸಂಬಂಧಮ್ಮ?" ಎಂದು ಕೇಳಿದರು. ಒಳಗೆ ಹೋದೆ.

ಅವನು ಬಾಗಿಲಿನ ಹತ್ತಿರವೇ ಕೂತ. ಸಣ್ಣಗಾಗಿದ್ದಾನೆ. ಅಂಗಿಯ ಕಾಲರನ್ನು ಯಾರೋ ತಿರುಗಿಸಿ ಹೊಲಿದಿದ್ದರು, ಅವನೇ ಇರಬೇಕು, ಹೊಲಿಗೆ ಸೊಟ್ಟಗಿತ್ತು. ಟೈಲರಕ್ಕ ಅದನ್ನೇ ನೋಡುತ್ತಿದ್ದಳು, ಅವಳ ಕೈ ತುರಿಸುತ್ತಿತ್ತೇನೋ. ನಾನು ಬಲ್ಬಿನ ಬೆಳಕಿನಲ್ಲಿ ಗೋಡೆಯ ಮೇಲೆ ತೇವಕ್ಕೆ ಹಳದಿಯಾದ ಒಂದು ಕಲೆಯನ್ನು ನೋಡುತ್ತಾ ಕೂತೆ. ಇಷ್ಟು ಹತ್ತಿರದಲ್ಲಿ ಕೂತವನನ್ನು ಬಹಳ ದೂರದಿಂದ ದ್ವೇಷಿಸಿದ ಹಾಗೆ ದ್ವೇಷಿಸುವುದು ಕಷ್ಟ, ಅದಕ್ಕೆ ಬೇರೆ ಥರದ ಶಕ್ತಿ ಬೇಕು ಎಂದು ಯೋಚಿಸುತ್ತಿದ್ದೆ.

ಆಗ ಪಕ್ಕದ ಟೀ ಅಂಗಡಿಯವನು ಸ್ಟೌ ಹಚ್ಚಿದ. ಸೀಮೆಎಣ್ಣೆಯ ವಾಸನೆ, ಹಿಂದೆಯೇ ಒಂದಿಷ್ಟು ಹೊಗೆ, ಬಾಗಿಲ ಸಂದಿಯಿಂದ ಬಂತು. ಬೇರೆ ಏನೂ ಇಲ್ಲ. ಸ್ಟೌ ಎಂದು ನನಗೆ ಗೊತ್ತಿತ್ತು, ಟೈಲರಕ್ಕನಿಗೂ ಗೊತ್ತು, ಅದು ದಿನಾ ಬರುವ ವಾಸನೆಯೇ.

ಅವನು ಎದ್ದ. ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿದ. ಅವನ ಅಂಗೈಗಳನ್ನು ಆಗ ನೋಡಿದೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಒಂದೇ ಸಮ ಸುಟ್ಟು ಗುಣವಾದ ಚರ್ಮ. ಏನನ್ನೋ ಹಿಡಿದು ಎಳೆದವನ ಗಾಯ ಹಾಗಿರುವುದಿಲ್ಲ, ಅಂಗೈ ಒತ್ತಿ ತಳ್ಳಿದವನದು ಹಾಗಿರುತ್ತದೆ. "ತೆಗೀರಿ" ಎಂದ, ಮೊದಲು ಮೆಲ್ಲಗೆ. ಆಮೇಲೆ ಭುಜ ಕೊಟ್ಟು ತಳ್ಳಿದ, "ತೆಗೀರಿ, ತೆಗೀರಪ್ಪಾ" ಎಂದು ಕೂಗಿದ. ಆ ಕೂಗಿಗೆ ಟೈಲರಕ್ಕ ಬೆಚ್ಚಿ ಎದ್ದು ಅವನ ಪಕ್ಕ ಹೋಗಿ ತಳ್ಳತೊಡಗಿದಳು. ನಾನು ಎದ್ದದ್ದು ನನಗೆ ನೆನಪಿಲ್ಲ. ನನ್ನ ಎರಡೂ ಕೈ ಟೈಲರಕ್ಕನ ಬೆನ್ನಿನ ಮೇಲಿದ್ದವು, ನಾನು ಮೈಯೆಲ್ಲ ಬಲ ಹಾಕಿ ತಳ್ಳುತ್ತಿದ್ದೆ. ಹೊಗೆ ಸ್ಟೌವಿನದು ಎಂದು ಆಗಲೂ ಗೊತ್ತಿತ್ತು.

ಗಡಿಯಾರದವನದು ಮೆತ್ತನೆಯ ಮನಸ್ಸು. ಮೊದಲ ಕೂಗಿಗೇ ಚಿಲಕ ತೆಗೆದಿದ್ದನಂತೆ. ಆ ಕೋಣೆಯ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅವನು ಹೊರಗಿನಿಂದ ತಳ್ಳುತ್ತಿದ್ದಾನೆ, ನಾವು ಮೂವರೂ ಒಳಗಿನಿಂದ ತಳ್ಳುತ್ತಿದ್ದೇವೆ. "ತೆಗ್ದಿದ್ದೀನಿ, ಹಿಂದಕ್ಕೆ ಸರೀರಿ, ಅಯ್ಯೋ ಹಿಂದಕ್ಕೆ ಸರೀರಿ" ಎಂದು ಗಂಟಲು ಹರಿಯುವ ಹಾಗೆ ಅರಚಿದೆ ಎಂದು ಆಮೇಲೆ ಹೇಳಿದ. ನಮಗೆ ಒಂದಕ್ಷರವೂ ಕೇಳಲಿಲ್ಲ. ಬಾಗಿಲಿನ ಆಚೆ ಯಾರೋ ಇದ್ದಾರೆ, ಅವರು ನಮ್ಮನ್ನು ಹೊರಗೆ ಬಿಡುತ್ತಿಲ್ಲ, ಇಷ್ಟು ಮಾತ್ರ ಗೊತ್ತಾಗುತ್ತಿತ್ತು. ಅವರನ್ನು ಕೊಂದು ಹಾಕಬೇಕು ಅನ್ನಿಸುತ್ತಿತ್ತು.

ಕೊನೆಗೆ ನನ್ನ ಚಪ್ಪಲಿ ಜಾರಿ ನೆಲಕ್ಕೆ ಬಿದ್ದೆ. ಬಿದ್ದವಳನ್ನು ಎತ್ತಲು ಅವರಿಬ್ಬರೂ ಹಿಂದೆ ತಿರುಗಿದರು. ಬಾಗಿಲು ಒಮ್ಮೆಗೇ ತೆರೆದುಕೊಂಡು ಗೋಡೆಗೆ ಬಡಿಯಿತು. ಗಡಿಯಾರದವನು ಹೊಸ್ತಿಲಲ್ಲಿ ನಿಂತು ತನ್ನ ಕೆಂಪಾದ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

ನಿನ್ನ ಗಂಡ ನೋಡಿದಿರಾ ಎನ್ನಲಿಲ್ಲ. ಅವನಿಗೆ ತಾನು ಎಲ್ಲಿದ್ದೇನೆ ಎಂಬುದೇ ಆಗ ತಿಳಿದಿತ್ತೋ ಇಲ್ಲವೋ. ಮುಖ ಒರೆಸಿಕೊಂಡು, ನನ್ನ ಚಪ್ಪಲಿಯನ್ನು ಹುಡುಕಿ ಪಾದದ ಹತ್ತಿರ ಇಟ್ಟು, ಹೊರಟುಹೋದ.

ಅವನು ಹೋದ ಮೇಲೆ ಕೂತೆವು. ಪೋಸ್ಟ್‌ಮಾಸ್ತರರು, "ಒಂದು ಸ್ಟೌ ಹೊಗೆಗೆ ಹೀಗಾಡೋನು ನಾಳೆ ಯಾರನ್ನ ಕಾಪಾಡ್ತಾನೆ? ಡಾಕ್ಟ್ರು ನೋಡಿ, ನಿದ್ದೆ ಮಾಡಿದ್ರು" ಎಂದರು. ಟೈಲರಕ್ಕ ತಾನು ಅವನನ್ನು ಸಮಾಧಾನ ಮಾಡಲು ಹೋಗಿದ್ದೆ ಅಷ್ಟೆ ಎಂದಳು. ಅವಳು ನನ್ನ ಮುಖ ನೋಡಲಿಲ್ಲ. ಗಡಿಯಾರದವನು, "ಅಲ್ಲ ಸಾರ್, ಚಿಲಕ ತೆಗ್ದೇ ಇತ್ತು. ನಾನು ತಳ್ತಾನೇ ಇದ್ದೆ. ಆವತ್ತು ಅಲ್ಲೂ..." ಎಂದು ನಿಲ್ಲಿಸಿದ.

"ಆವತ್ತಿನ ವಿಷಯ ಈಗ್ಯಾಕೆ?" ಎಂದರು ಪೋಸ್ಟ್‌ಮಾಸ್ತರರು. ಸಿಟ್ಟಿನಿಂದಲ್ಲ. ಬೇಡಿಕೊಂಡ ಹಾಗೆ ಇತ್ತು. ಕಾರ್ಖಾನೆಯ ಬಾಗಿಲೂ ಒಳಕ್ಕೇ ತೆರೆಯುವಂಥದ್ದು, ಅವರ ಸೊಸೆ ಸಿಕ್ಕಿದ್ದು ಅದರ ಬುಡದಲ್ಲೇ. ನಿನ್ನ ತಮ್ಮ ಅವಳಿಗಿಂತ ಹಿಂದೆ ಇದ್ದ, ಅವನ ಕೈ ಅವಳ ಬೆನ್ನಿನ ಮೇಲಿತ್ತು ಎಂದು ಎತ್ತಿದವರು ಹೇಳಿದ್ದರು. ಅವಳನ್ನು ಉಳಿಸಲು ನೋಡಿದ್ದಾನೆ ಪಾಪ ಎಂದು ಎಲ್ಲರೂ ಅಂದಿದ್ದರು. ಅದೊಂದೇ ಮಾತಿನಿಂದ ನಾನು ಇಷ್ಟು ದಿನ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಪೋಸ್ಟ್‌ಮಾಸ್ತರರು ಕೊನೆಗೆ ನನ್ನ ಕಡೆ ತಿರುಗಿ, ನೀವು ಏನು ಹೇಳುತ್ತೀರಿ ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ಗಡಿಯಾರದವನು ಎಲ್ಲರಿಗಿಂತ ಹೆಚ್ಚು ನೋಡಿದ. ನಾನು ಕೈ ಎತ್ತದಿದ್ದರೆ ಅವನೂ ಎತ್ತುವುದಿಲ್ಲ ಎಂದು ಕಾಣುತ್ತಿತ್ತು.

ಡಾಕ್ಟರು ಆಗಬಹುದು ಎಂದೆ. ಕೈ ಎತ್ತಿದೆ. ಎಲ್ಲರ ಕೈಯೂ ಮೇಲೆ ಹೋಯಿತು. ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಇದು.

ಈಗ ದಿನವೂ ಡಾಕ್ಟರ ಕರಪತ್ರ ಹಿಡಿದು ಬೀದಿ ಸುತ್ತುತ್ತೇನೆ. ಅವರೇ ಗೆಲ್ಲುವ ಹಾಗೆ ಕಾಣುತ್ತದೆ. ಒಳ್ಳೆಯವರು. ಬೀಗ ಹಾಕಬಾರದು ಎಂದು ಕಾನೂನು ತರುತ್ತೇನೆ ಎಂದು ಮಾತು ಕೊಟ್ಟಿದ್ದಾರೆ, ತರುತ್ತಾರೆ ಎಂದೇ ನನ್ನ ನಂಬಿಕೆ. ಬಾಗಿಲುಗಳು ಹೇಗಿವೆಯೋ ಹಾಗೇ ಇರುತ್ತವೆ.

ಮೊನ್ನೆ ಔಷಧಿ ಅಂಗಡಿಯ ಮುಂದೆ ಅವನು ಎದುರಾದ. ಅವನ ಜೊತೆ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಡಾಕ್ಟರ ಕರಪತ್ರ, ಅವನ ಕೈಯಲ್ಲಿ ಅವನದು. "ಅತ್ತೆ, ಆವತ್ತು ಬಿದ್ರಲ್ಲ, ಕಾಲು ಹೇಗಿದೆ?" ಎಂದು ಕೇಳಿದ. ಪರವಾಗಿಲ್ಲ ಎಂದೆ. ನಿನ್ನ ವಿಷಯ ಕೇಳಲಿಲ್ಲ. ಕೇಳಬೇಕು ಎಂದು ನಿಂತಿದ್ದ, ನನಗೆ ಕಂಡಿತು. ನಾನಾಗಿ ಹೇಳಬಹುದಿತ್ತು. ಬಿಸಿಲು ಜಾಸ್ತಿ ಎಂದು ಹೇಳಿ ಬಂದುಬಿಟ್ಟೆ.

ಆ ಕಾಗದಕ್ಕೆ ಸಹಿ ಹಾಕು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಕೈ ಎತ್ತುವುದರಲ್ಲಿ ನನ್ನ ಯೋಗ್ಯತೆ ಏನು ಎಂದು ಮೇಲೆ ಬರೆದಿದ್ದೇನೆ. ಬೀಗ ಹಾಕಿದವನು ಅವನೇ, ಅದನ್ನು ಮರೆಯಬೇಡ. ಆದರೆ ಅದು ಇಡೀ ಕಥೆ ಎಂದು ಇನ್ನು ಮುಂದೆ ಯಾರಾದರೂ ನಿನಗೆ ಹೇಳಿದರೆ, ಹೇಳಿದವಳು ನಾನೇ ಆಗಿದ್ದರೂ, ನಂಬಬೇಡ.

ಮೈ ಕಡೆ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತು,
ನಿನ್ನ ಅಮ್ಮ

ಮರೆತಿದ್ದೆ: ನಮ್ಮ ಮನೆಯ ಬೀದಿ ಬಾಗಿಲನ್ನು ಬಡಗಿಯಿಂದ ಕಳಚಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದ್ದೇನೆ. ಚೆನ್ನಾಗಿರೋ ಬಾಗಿಲಿಗೆ ಏನು ರೋಗ ಎಂದು ಅವನು ಕೇಳಿದ, ನೆಲ ಉಬ್ಬಿದೆ ಎಂದು ಸುಳ್ಳು ಹೇಳಿದೆ. ನೀನು ಯಾವತ್ತಾದರೂ ಬಂದರೆ ಹಳೇ ಅಭ್ಯಾಸದಲ್ಲಿ ತಳ್ಳುತ್ತಾ ನಿಂತುಕೊಳ್ಳಬೇಡ. ನಿನ್ನ ಕಡೆಗೆ ಎಳೆ.